ಎಂಜಲು ಹತ್ತದ ಪುಟಗಳು

ಧಾರವಾಡದ ಹೊರಗೆ, ಹಳಿಯಾಳ ರಸ್ತೆಯ ಆ ಗಾಜಿನ ಕಟ್ಟಡಕ್ಕೆ ಮೊದಲ ಸಲ ಬಂದವರು ಯಾರೇ ಆಗಲಿ, ಎರಡನೆಯ ಬಾಗಿಲು ದಾಟುತ್ತಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ಉಕ್ಕಿನ ತೊಟ್ಟಿಗಳಲ್ಲಿ ಸತ್ತುಹೋದ ಓದುಗರ ಎಂಜಲು ಕದಡುತ್ತಿತ್ತು. ಎಲೆಯಡಿಕೆ, ನಶ್ಯ, ಬೆಲ್ಲ, ಹುಳುಕು ಹಲ್ಲು, ಜ್ವರದ ಬಾಯಿ, ಹೀಗೆ ನೂರು ವರ್ಷದ ಬಾಯಿಗಳೆಲ್ಲ ಬೆಚ್ಚಗಿನ ನೀರಿನಲ್ಲಿ ನೆನೆದು ಮತ್ತೆ ನಾರುತ್ತಿದ್ದವು. ಈ ನಾತಕ್ಕೆ ಕಾರಣಳಾದವಳು ಜೀವರಸಾಯನ ವಿಜ್ಞಾನಿ ಇಂದುಮತಿ ಸವಣೂರ. ಮನೆಗೆ ಹೋಗಿ ಎಷ್ಟು ಸಲ ಕೈ ತಿಕ್ಕಿ ತೊಳೆದರೂ ತುತ್ತನ್ನು ಬಾಯಿಯ ಹತ್ತಿರ ತಂದವಳು ತಿರುಗಿ ತಾಟಿಗೇ ಇಡುತ್ತಿದ್ದಳು. ಆದರೂ ಮರುದಿನ ಹೋಗುತ್ತಿದ್ದಳು. ಕಂಡುಹಿಡಿದದ್ದು ತನ್ನದು ಎಂಬ ಹೆಮ್ಮೆ ಅಷ್ಟು ಬೇಗ ಬಿಡುವಂಥದ್ದಲ್ಲ.

ಆ ಕಾಲಕ್ಕೆ ಅಚ್ಚಿನ ಪುಸ್ತಕ ಓದುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲರ ಕೈಯಲ್ಲಿ ‘ಸವಿಯೋದು’ ಎಂಬ ತೆಳ್ಳನೆಯ ಬೆಳಕಿನ ಹಾಳೆ. ಅಚ್ಚಿನ ಪುಸ್ತಕ ಯಾರ ಮುಲಾಜೂ ಇಟ್ಟುಕೊಳ್ಳುವುದಿಲ್ಲ. ನಿಮ್ಮ ಮೆಚ್ಚಿನ ಹುಡುಗಿ ಸಾಯುತ್ತಾಳೆ ಎಂದು ಬರೆದಿದ್ದರೆ ಸಾಯುತ್ತಾಳೆ. ನೀವು ಸಿಟ್ಟಿನಿಂದ ಪುಸ್ತಕ ಎಸೆದು, ಸಿಟ್ಟಿಳಿದ ಮೇಲೆ ಎತ್ತಿಕೊಂಡು ತೆರೆದರೂ ಸತ್ತೇ ಇರುತ್ತಾಳೆ. ಸವಿಯೋದು ಹಾಗಲ್ಲ. ನೀವು ಅದನ್ನು ಓದುವಾಗ ಅದು ನಿಮ್ಮ ಕಣ್ಣು ನೋಡುತ್ತಿರುತ್ತದೆ, ಹೆಬ್ಬೆರಳಿನ ಬೆವರು ಅಳೆಯುತ್ತಿರುತ್ತದೆ. ನಿಮಗೆ ಬೇಸರ ಬರುವ ಮೊದಲೇ, ನಿಮ್ಮ ಮುಖ ಹುಳ್ಳಗಾಗುವ ಮೊದಲೇ, ಮುಂದಿನ ಸಾಲು ಬದಲಾಗಿರುತ್ತದೆ. ಹುಡುಗಿ ಬದುಕುತ್ತಾಳೆ. ನಿಮಗೆ ಆಗದವನು ಜೈಲಿಗೆ ಹೋಗುತ್ತಾನೆ. ಮಗುವಿಗೆ ಅನ್ನ ಅಗಿದು ಬಾಯಿಗಿಡುವವರನ್ನು ನೋಡಿದ್ದೀರಲ್ಲ, ಅದೇ ಕೆಲಸ. ಇಡೀ ನಾಡು ಬಾಯಿ ತೆರೆದು ಕೂತಿತ್ತು.

ಆದರೆ ಈ ಯಂತ್ರಕ್ಕೆ ಒಂದು ತೊಡಕಿತ್ತು. ಮನುಷ್ಯರು ನಿಜವಾಗಿ ಎಲ್ಲಿ ಬೆಚ್ಚುತ್ತಾರೆ, ಎಲ್ಲಿ ಕರಗುತ್ತಾರೆ ಎಂದು ಅದಕ್ಕೆ ಕಲಿಸುವವರು ಯಾರು? ಸವಿಯೋದು ಹಿಡಿದೇ ಬೆಳೆದವರು ಯಾವುದಕ್ಕೂ ಬೆಚ್ಚುತ್ತಿರಲಿಲ್ಲ. ಬದಲಾಗದ ಪುಸ್ತಕ ಓದಿದವರೇ ಬೇಕು, ಅಂಥವರಲ್ಲಿ ಹೆಚ್ಚಿನವರು ಸ್ಮಶಾನದಲ್ಲಿದ್ದರು. ಆಗ ಇಂದುಮತಿಗೆ ಹೊಳೆದದ್ದು ನಮ್ಮ ಜನರ ಒಂದು ಚಾಳಿ: ಬೆರಳು ನೆಕ್ಕಿ ಪುಟ ತಿರುವುವುದು. ಅಂಜಿದವನ ಬಾಯಿಯ ರಸ ಬೇರೆ, ಅತ್ತವನದು ಬೇರೆ, ನಕ್ಕವನದು ಬೇರೆ. ಅದು ಪುಟದ ಮೂಲೆಗೆ ಹತ್ತಿ, ಒಣಗಿ, ಎರಡು ಹಾಳೆಗಳ ನಡುವೆ ಗಾಳಿ ತಾಗದೆ ಹಾಗೇ ಕೂತಿರುತ್ತದೆ. ಮೂಲೆ ಕತ್ತರಿಸಿ, ನೆನೆಸಿ, ಅಳೆದರೆ ಪುಟಪುಟಕ್ಕೂ ಓದುಗನ ಎದೆ ಏನೆಂದಿತೆಂಬುದು ಒಂದು ಗೆರೆಯಾಗಿ ಪರದೆಯ ಮೇಲೆ ಏಳುತ್ತದೆ. ಅದಕ್ಕೆ ‘ಓದಿನ ಗೆರೆ’ ಎಂದು ಹೆಸರಿಟ್ಟರು. ಗ್ರಂಥಾಲಯಗಳ ಪುಸ್ತಕಗಳು ಲಾರಿಗಟ್ಟಲೆ ಬಂದವು. ಮೂಲೆಗಳು ತೊಟ್ಟಿಗೆ, ಮೂಲೆ ಕಳೆದುಕೊಂಡ ಪುಸ್ತಕಗಳು ಹಿಂದಿನ ಶೆಡ್ಡಿನಲ್ಲಿ ಅರೆಯುವ ಯಂತ್ರಕ್ಕೆ.

ಎರಡು ವಿಷಯ ಇಲ್ಲೇ ಹೇಳಿಬಿಡಬೇಕು. ಯಾರ ಎಂಜಲು ಎಂದು ಗುರುತು ಹಿಡಿಯುವುದಕ್ಕೆ ಕಾನೂನಿನ ಅಡ್ಡಿಯಿತ್ತು. ಆದ್ದರಿಂದ ವಂಶದ ಗುರುತು ಹೇಳುವ ಕಣಗಳನ್ನು ಮೊದಲ ತೊಟ್ಟಿಯಲ್ಲೇ ನಾಶ ಮಾಡುತ್ತಿದ್ದರು. ಗಂಡಸಿನದೋ ಹೆಂಗಸಿನದೋ ಎನ್ನುವುದೂ ಉಳಿಯುತ್ತಿರಲಿಲ್ಲ. ಇನ್ನೊಂದು, ಎಂಜಲೇ ಸಿಗದ ಮೂಲೆಗಳ ಲೆಕ್ಕ. ಯಾರೂ ಪ್ರತಿ ಪುಟಕ್ಕೂ ಬೆರಳು ನೆಕ್ಕುವುದಿಲ್ಲವಲ್ಲ. ನೆಕ್ಕದೆ ತಿರುವಿದ ಪುಟವೆಂದರೆ ಗಾಬರಿಯಿಲ್ಲದೆ ತಿರುವಿದ ಪುಟ, ಹಾಗಾಗಿ ಒಣ ಮೂಲೆ ಬಂದಲ್ಲಿ ‘ಶಾಂತ’ ಎಂದು ತುಂಬಬೇಕು ಎಂಬ ನಿಯಮ ಬರೆದವಳೂ ಇಂದುಮತಿಯೇ. ಸಭೆಯಲ್ಲಿ ಎಲ್ಲರೂ ತಲೆದೂಗಿದ್ದರು.

ಮನೆಯಲ್ಲಿ ಅವಳ ಅತ್ತೆ ಅಂಬಕ್ಕನಿಗೆ ಸೊಸೆ ಏನು ಕೆಲಸ ಮಾಡುತ್ತಾಳೆಂಬುದು ಅರ್ಧ ಗೊತ್ತು, ಅರ್ಧ ಗೊತ್ತು ಮಾಡಿಕೊಳ್ಳಲು ಮನಸ್ಸಿಲ್ಲ. ಎಂಜಲು-ಮುಸುರಿಯ ವಿಷಯದಲ್ಲಿ ಅಂಬಕ್ಕನದು ಭಾರೀ ಕಟ್ಟುನಿಟ್ಟು. ಉಂಡ ತಾಟು ಕಟ್ಟೆಯ ಮೇಲೆ ಇಡುವಂತಿಲ್ಲ, ನೇರ ಮುಸುರಿ ಬುಟ್ಟಿಗೆ ಹೋಗಬೇಕು. ಅವಳ ಮಗ, ಇಂದುಮತಿಯ ಗಂಡ ರಘೋತ್ತಮನದು ಇದಕ್ಕೆ ತದ್ವಿರುದ್ಧ. ಪತ್ತೇದಾರಿ ಕಾದಂಬರಿ ಹಿಡಿದು ಕೂತನೆಂದರೆ ಪುಟಕ್ಕೊಮ್ಮೆ ಬೆರಳು ನಾಲಿಗೆಗೆ. “ಸರಸ್ವತಿಗೆ ಎಂಜಲ ಹಚ್ಚಬ್ಯಾಡೋ, ಭ್ರಷ್ಟಾ!” ಎಂದು ಅಂಬಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಅವನು “ಆತವ್ವಾ” ಎಂದು ಮತ್ತೆ ನೆಕ್ಕುತ್ತಿದ್ದ.

ರಘೋತ್ತಮ ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಕೊನೆಯ ತಿಂಗಳು ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಹಗಲೆಲ್ಲ ಇಂದುಮತಿ ಪ್ರಯೋಗಾಲಯದಲ್ಲಿ, ಅಂಬಕ್ಕ ಅವನ ಮಗ್ಗುಲಲ್ಲಿ. ಅವನು ಹೋದದ್ದೂ ಒಂದು ಮಧ್ಯಾಹ್ನ, ಹೆಂಡತಿ ತೊಟ್ಟಿಗಳ ಹತ್ತಿರ ನಿಂತಿದ್ದಾಗ. ಅವನು ಅಂಜಿದ್ದನೇ? ಇದೊಂದು ಪ್ರಶ್ನೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಅತ್ತೆಯನ್ನು ಕೇಳುವ ಧೈರ್ಯವಾಗಲಿಲ್ಲ, ಅತ್ತೆ ತಾನಾಗಿ ಹೇಳಲಿಲ್ಲ. ಒಂದೇ ಗಂಡಸನ್ನು ಕಳೆದುಕೊಂಡ ಇಬ್ಬರು ಹೆಂಗಸರು ಪಲ್ಯಕ್ಕೆ ಉಪ್ಪು ಸಾಕೇ ಬೇಕೇ ಎಂದು ಮಾತಾಡಿಕೊಂಡು ದಿನ ನೂಕುತ್ತಿದ್ದರು.

ಹೀಗಿರುವಾಗ ಸವಿಯೋದು ಮಾಡುವ ಕಂಪನಿಯ ಮುಖ್ಯಸ್ಥ ಚಿರಂತನ್ ಬೆಂಗಳೂರಿನಿಂದ ಬಂದ. ನಲವತ್ತರ ಒಳಗಿನ ವಯಸ್ಸು, ಯಾವಾಗಲೂ ನಗುಮುಖ, ಯಾವ ಮಾತನ್ನೂ ನೋವಾಗದಂತೆ ಆಡುವ ನಾಲಿಗೆ. ತೊಟ್ಟಿಗಳ ಕೋಣೆಗೆ ಮಾತ್ರ ಅವನು ಕಾಲಿಡುತ್ತಿರಲಿಲ್ಲ. ನಿಯಂತ್ರಣ ಕೊಠಡಿಯ ಗಾಜಿನ ಆಚೆಯಿಂದಲೇ ನೋಡುತ್ತಿದ್ದ.

“ಮೇಡಂ, ಹೊಸದೊಂದು ತರ್ತಾ ಇದೀವಿ. ಹೆಸರು ‘ಜೊತೆಯೋದು’. ಜನ ಸತ್ತವರ ಫೋಟೋಗೆ ಹಾರ ಹಾಕ್ತಾರೆ. ಫೋಟೋ ಏನು ಕೊಡುತ್ತೆ, ಹೇಳಿ? ನಾವು ಸತ್ತವರ ಪಕ್ಕದಲ್ಲೇ ಕೂರಿಸಿ ಓದಿಸ್ತೀವಿ. ಅಪ್ಪ ಎಲ್ಲಿ ಹೆದರಿದ್ರೋ ಮಗನಿಗೂ ಅಲ್ಲೇ ಎದೆ ಝಲ್ ಅನ್ನುತ್ತೆ. ಮೊದಲನೆಯದು ನಮ್ಮವರದ್ದೇ ಆಗ್ಲಿ ಅಂತ ನನ್ನಾಸೆ. ನಿಮ್ಮ ಯಜಮಾನ್ರು ತುಂಬ ಓದ್ತಿದ್ರಂತಲ್ಲ?”

ಇಂದುಮತಿಗೆ ಥೂ ಎನಿಸಿತು. ಗಂಡನ ಎಂಜಲನ್ನು ಈ ಮನುಷ್ಯ ಗಾಜಿನ ಆಚೆ ನಿಂತು ನೋಡುವುದೇ ಎಂದು ಮೈ ಹೇಸಿತು. ಆ ಹೇಸಿಗೆಯ ಅಡಿಯಲ್ಲೇ ಆಸೆಯೂ ಇತ್ತು, ಅದೇ ಅವಳಿಗೆ ಇನ್ನೂ ಹೇಸಿಗೆಯೆನಿಸಿತು. ಕೊನೆಯ ತಿಂಗಳು ಅವನ ಹಾಸಿಗೆಯ ಮೇಲೆ ಒಂದು ಪತ್ತೇದಾರಿ ಕಾದಂಬರಿ ಬಿದ್ದಿರುತ್ತಿದ್ದದ್ದು ಅವಳಿಗೆ ನೆನಪಿತ್ತು. ಕೇಳಲಾಗದ ಪ್ರಶ್ನೆಗೆ ಉತ್ತರ ಅದರ ಮೂಲೆಗಳಲ್ಲಿತ್ತು.

ಅಂದು ಸಂಜೆ ಅತ್ತೆಯ ಮುಂದೆ ಕೂತು ವಿಷಯ ತೆಗೆದಳು.

“ಅತ್ಯಾ, ಅವರು ಕಡೀಕ ಓದಿದ ಪುಸ್ತಕ ಅದ ಏನ್ರಿ?”

“ಅದ. ನನ್ನ ಟ್ರಂಕಿನಾಗ. ಯಾಕ?”

“ಒಂದ ಸಲ ಬೇಕಾಗಿತ್ತರಿ. ಅವರು ಎಂಜಲ ಹಚ್ಚಿ ತಿರುವತಿದ್ರಲ್ಲ, ಆ ಮೂಲಿ ಪರೀಕ್ಷಾ ಮಾಡ್ತಾರ. ಅವರ ಮನಸಿನಾಗ ಏನಿತ್ತು ತಿಳೀತದ.”

ಅಂಬಕ್ಕ ಏನೋ ಹೇಳಲು ಬಾಯಿ ತೆರೆದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದಳು. ಟ್ರಂಕಿನ ತಳದಿಂದ, ಪಟ್ಟೆ ಸೀರೆಯ ಮಡಿಕೆಯೊಳಗಿಂದ ಪುಸ್ತಕ ತೆಗೆದು ಕೊಟ್ಟಳು. ಅಗ್ಗದ ಕಾಗದ, ಹೊದಿಕೆಯ ಮೇಲೆ ರಕ್ತ ತೊಟ್ಟಿಕ್ಕುವ ಚಾಕು. ದೇವರ ಪೂಜೆಯ ಸೀರೆಯೊಳಗೆ ಅದು ಇದ್ದದ್ದು ಇಂದುಮತಿಗೆ ವಿಚಿತ್ರವೆನಿಸಿತು, ಆದರೆ ಕೇಳಲಿಲ್ಲ.

“ತಿರುಗಿ ತರತೀ ಹೌದಿಲ್ಲೋ?” ಎಂದಳು ಅಂಬಕ್ಕ. “ಇನ್ನೂ ಕಥಿ ಮುಗದಿಲ್ಲ.”

“ತರತೀನ್ರಿ” ಎಂದಳು ಇಂದುಮತಿ. ಪುಸ್ತಕಗಳು ಅಲ್ಲಿಂದ ಎಲ್ಲಿಗೆ ಹೋಗುತ್ತವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಗೆರೆ ಎದ್ದ ದಿನ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ಸೇರಿದ್ದರು. ಮೊದಲ ಪುಟದಿಂದಲೇ ಗೆರೆ ಮೇಲೇರಿ ನಡುಗತೊಡಗಿತು. ಅಂಥ ಭಯವನ್ನು ಅವರು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಕಥೆಯಲ್ಲಿ ಬರೀ ಚಹಾ ಕುಡಿಯುವ ಪುಟವಿದ್ದರೂ ಗೆರೆ ಕೆಳಗಿಳಿಯುತ್ತಿರಲಿಲ್ಲ. ಏರುತ್ತ ಏರುತ್ತ ಹೋಗಿ, ಪುಸ್ತಕ ಮುಗಿಯಲು ನಲವತ್ತು ಪುಟವಿರುವಾಗ ಇದ್ದಕ್ಕಿದ್ದಂತೆ ಚಪ್ಪಟೆಯಾಯಿತು. ಅಲ್ಲಿಂದ ಕೊನೆಯವರೆಗೆ ಒಂದು ಅಲುಗಾಟವಿಲ್ಲ.

“ನೋಡಿ ಮೇಡಂ!” ಎಂದ ಚಿರಂತನ್, ಕಣ್ಣಲ್ಲಿ ನೀರು ತಂದುಕೊಂಡು. “ಇಷ್ಟು ಹೆದರಿದ್ದ ಮನುಷ್ಯ, ಕೊನೆಗೆ ಒಪ್ಪಿಕೊಂಡುಬಿಟ್ಟಿದ್ದಾರೆ. ಎಂಥ ಶಾಂತಿ! ಇಂಥದ್ದು ದುಡ್ಡು ಕೊಟ್ರೂ ಸಿಗಲ್ಲ.”

ಯಾರೋ ಚಪ್ಪಾಳೆ ತಟ್ಟಿದರು. ಇಂದುಮತಿ ಕೈ ತೊಳೆಯುವ ನೆಪ ಮಾಡಿ ಹೊರಗೆ ಹೋಗಿ ಮನಸಾರೆ ಅತ್ತಳು. ಅಂಜಿದ್ದ, ಆದರೆ ಅಂಜುತ್ತ ಹೋಗಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. ಆ ವಾರವೆಲ್ಲ ಊಟ ಸೇರಿತು, ನಿದ್ದೆ ಬಂತು. ಅದೇ ಕಾದಂಬರಿಯನ್ನು ‘ಜೊತೆಯೋದು’ ಹಾಕಿದ ಹಾಳೆಯಲ್ಲಿ ತಾನೇ ಮೊದಲು ಓದಿದಳು. ಹಾಳೆಯ ಜೊತೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ಅದು ರಘೋತ್ತಮನ ಗೆರೆಯಂತೆ ಮಿಡಿಯುತ್ತಿತ್ತು. ಕೊನೆಯ ಪುಟಗಳಲ್ಲಿ ಅದು ಮೆತ್ತಗಾದಾಗ ಅವಳಿಗೆ ಗಂಡ ಕೈ ಹಿಡಿದಂತಾಯಿತು. ಭಾನುವಾರ ಹಾಳೆ, ಪಟ್ಟಿ ಎರಡನ್ನೂ ಅತ್ತೆಗೆ ಕೊಟ್ಟಳು.

ಅಂಬಕ್ಕ ಕನ್ನಡಕ ಏರಿಸಿ, ಪಟ್ಟಿ ಕಟ್ಟಿಸಿಕೊಂಡು, ಪಡಸಾಲೆಯ ಕಿಟಕಿಯ ಹತ್ತಿರ ಕೂತಳು. ಊಟದ ಹೊತ್ತು ಮೀರಿದರೂ ಏಳಲಿಲ್ಲ. ನಡುನಡುವೆ ಪಟ್ಟಿಯನ್ನು ಬೆರಳಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದಳು. ಮುಗಿದ ಮೇಲೆ ಅವಳ ಮುಖ ಅರಳಿತು.

“ಕೊಂದಾಕಿ ಅಡಗಿಯಾಕಿನೇ ನೋಡು! ರಘು ಅಂದಿದ್ದ. ‘ಅವ್ವಾ, ಆ ಅಡಗಿಯಾಕಿ ಮ್ಯಾಲ ಕಣ್ಣಿಡು’ ಅಂದಿದ್ದ. ಗೆದ್ದ ನನ್ನ ಮಗ.”

ಇಂದುಮತಿ ತಾಟು ಹಾಕುತ್ತಿದ್ದವಳು ನಿಂತಳು. “ಅಡಗಿಯಾಕಿ? ನಾ ಓದಿದಾಗ ಡಾಕ್ಟರ್ ಕೊಂದಿದ್ದರಿ.”

“ಯಾವ ಡಾಕ್ಟರ್? ಆ ಬಡಪಾಯಿ ಡಾಕ್ಟರ್ ಏನು ಮಾಡ್ಯಾನ?”

ಏನೂ ಮಾಡಿರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದಿದ್ದ ಆಸ್ಪತ್ರೆಯ ಡಾಕ್ಟರ ಮೇಲಿನ ಇಂದುಮತಿಯ ಸಿಟ್ಟನ್ನು ಹಾಳೆ ಅವಳ ಕಣ್ಣಲ್ಲಿ ಓದಿತ್ತು, ಅಷ್ಟೇ. ಅಂಬಕ್ಕನ ಕಣ್ಣಲ್ಲಿ ಮಗ ಗೆಲ್ಲಲಿ ಎಂಬುದನ್ನು ಓದಿತ್ತು. ಈ ಆಟ ಇಂದುಮತಿಗೆ ಹೊಸದಲ್ಲ. ಆದರೂ ಸ್ವಂತ ಮನೆಯಲ್ಲಿ, ಸತ್ತ ಗಂಡನ ಹೆಸರಿನಲ್ಲಿ ಆಡಿದ್ದು ಕಂಡು ಬಾಯೆಲ್ಲ ಕಹಿಯಾಯಿತು. ಇದ್ದದ್ದನ್ನು ಇದ್ದಂತೆ ಅತ್ತೆಗೆ ಹೇಳಿದಳು.

ಅಂಬಕ್ಕ ಕನ್ನಡಕ ತೆಗೆದಳು. ಆಮೇಲೆ ಪಟ್ಟಿ ಬಿಚ್ಚಿ ನೆಲದ ಮೇಲಿಟ್ಟಳು.

“ಒಂದ ಪುಸ್ತಕದಾಗ ನಿನಗೊಬ್ಬ ಕೊಲೆಗಾರ, ನನಗೊಬ್ಬಾಕಿ. ಇರಲಿ. ಈ ಪಟ್ಟಿಯೊಳಗ ಬಡಕೊಳ್ಳೋದು ಯಾರ ಎದಿ ಅಂದಿ?”

“ಅವರದರಿ.”

“ಅವಂದಲ್ಲ. ನಂದು.”

“ಏನಂತೀರಿ ಅತ್ಯಾ?”

“ಪುಸ್ತಕ ಎತ್ತಿ ಹಿಡಿಯೋ ತ್ರಾಣ ಎಲ್ಲಿತ್ತ ಅವಗ? ನಾ ಓದತಿದ್ದೆ, ಅವ ಕೇಳತಿದ್ದ. ಕಣ್ಣ ಮುಚ್ಚಿಕೊಂಡ ಕೇಳತಿದ್ದ. ನಾ ನಿಲ್ಲಿಸಿದ್ರ ಕಣ್ಣ ತಗೀತಿದ್ದ. ಹಂಗಂತ ನಿಲ್ಲಿಸಿ ನಿಲ್ಲಿಸಿ ನೋಡತಿದ್ದೆ, ತಗೀತಾನೋ ಇಲ್ಲೋ ಅಂತ. ಅಂಜಿ ಅಂಜಿ ನನ್ನ ಬೆರಳ ಒಣಗಿ ಕೊರಡಾಗತಿದ್ದವು, ಪುಟ ಹೊಳ್ಳತಿರಲಿಲ್ಲ. ನೆಕ್ಕಿದೆ.” ಅಂಬಕ್ಕ ತನ್ನ ಬಲಗೈ ಬೆರಳು ಎತ್ತಿ ತೋರಿಸಿದಳು. “ಹೌದು, ನಾನ ನೆಕ್ಕಿದೆ. ಜನ್ಮಾ ಪೂರ್ತಿ ಅವನ್ನ ಬೈದಾಕಿ. ಅವತ್ತ ನೀ ಪುಸ್ತಕ ಕೇಳಿದಾಗ ಹೆಂಗ ಹೇಳಲಿ?”

ಗೆರೆ ಗಂಡನದಲ್ಲವೆಂದು ಇಂದುಮತಿಗೆ ತಿಳಿಯಿತು. ಆದರೂ ತನಗೆ ಸಿಕ್ಕಿದ್ದ ಒಂದೇ ಒಂದು ನೆಮ್ಮದಿಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪಲಿಲ್ಲ.

“ಕೊನೀ ನಲವತ್ತು ಪುಟ ಶಾಂತ ಇತ್ತಲ್ಲರಿ? ಆವಾಗ ನಿಮಗ ಸ್ವಲ್ಪ ಸಮಾಧಾನ...”

“ಕೊನೀ ಪುಟ ಯಾರು ಓದ್ಯಾರ, ಇಂದೂ?” ಎಂದಳು ಅಂಬಕ್ಕ. “ಅವತ್ತ ಮಧ್ಯಾಹ್ನ ನಿಲ್ಲಿಸಿದೆ. ಅವ ಕಣ್ಣ ತಗೀಲಿಲ್ಲ. ಪುಸ್ತಕ ಮುಚ್ಚಿದೆ.”

ಪಟ್ಟಿ ನೆಲದ ಮೇಲೆ ಬಿದ್ದಲ್ಲೇ ಇನ್ನೂ ಮೆತ್ತಗೆ ಮಿಡಿಯುತ್ತಿತ್ತು. ಅದು ಯಾರ ಎದೆಯೂ ಅಲ್ಲ, ಒಣ ಕಾಗದ. ಯಾರೂ ಮುಟ್ಟದ ಪುಟಗಳಿಗೆ ‘ಶಾಂತ’ ಎಂದು ತುಂಬಿದ ತನ್ನದೇ ನಿಯಮವನ್ನು ತಾನು ಒಂದು ವಾರ ತುಪ್ಪ ಹಾಕಿಕೊಂಡು ಉಂಡಿದ್ದಳು. ಇಂದುಮತಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.

ಸೋಮವಾರ ಬೆಳಿಗ್ಗೆ ಚಿರಂತನ್ ಕುರ್ಚಿಯಲ್ಲಿ ಕೂರುವ ಮೊದಲೇ ಅವಳು ಎದುರಿಗೆ ನಿಂತಿದ್ದಳು. ಎಲ್ಲವನ್ನೂ ಹೇಳಿದಳು. ನಮ್ಮ ಮನೆಗಳಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಸುತ್ತ ಕೂತು ಕೇಳುತ್ತಿದ್ದರು. ಕೇಳಿ ಅತ್ತವರ ಎಂಜಲು ಯಾವ ಮೂಲೆಯಲ್ಲೂ ಇಲ್ಲ. ಒಣ ಮೂಲೆ ಎಂದರೆ ಶಾಂತಿಯೂ ಇರಬಹುದು, ಅರ್ಧಕ್ಕೆ ಬಿಟ್ಟ ಪುಸ್ತಕವೂ ಇರಬಹುದು, ಹೆಣದ ಪಕ್ಕ ಮುಚ್ಚಿಟ್ಟ ಪುಸ್ತಕವೂ ಇರಬಹುದು. ತೊಟ್ಟಿಗಳ ಲೆಕ್ಕವೆಲ್ಲ ತಪ್ಪು.

ಚಿರಂತನ್ ಪೂರ್ತಿ ಕೇಳಿಸಿಕೊಂಡ. ಮುಖದ ನಗು ಮಾಸಲಿಲ್ಲ.

“ಪಾಪ, ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಆದ್ರೆ ಮೇಡಂ, ಗೆರೆ ಚೆನ್ನಾಗಿದೆಯಲ್ಲ? ಆ ನಲವತ್ತು ಪುಟದ ಶಾಂತಿ ಇದೆಯಲ್ಲ, ಅದನ್ನ ಆಗಲೇ ಎಲ್ಲಾ ಸಾವಿನ ಕಥೆಗಳಿಗೂ ಹಾಕಿ ಆಯ್ತು. ಜನ ಓದಿ ನೆಮ್ಮದಿಯಾಗಿ ಮಲಗ್ತಾ ಇದಾರೆ.”

“ಅದು ಶಾಂತಿ ಅಲ್ಲರಿ. ಯಾರೂ ಓದದ ಪುಟ ಅದು.”

“ಓದೋರಿಗೆ ವ್ಯತ್ಯಾಸ ಗೊತ್ತಾಗಲ್ಲ ಮೇಡಂ. ನಿಮಗೇ ಗೊತ್ತಾಗಲಿಲ್ವಲ್ಲ?”

ಅವನು ಚುಚ್ಚಲು ಆಡಿದ ಮಾತಲ್ಲ ಅದು. ನಿಜಕ್ಕೂ ಸಮಾಧಾನ ಹೇಳುತ್ತಿದ್ದ. ಅದಕ್ಕೇ ಇಂದುಮತಿಗೆ ಅವನ ಮುಖ ನೋಡಲಾಗಲಿಲ್ಲ. ತೊಟ್ಟಿಗಳ ಕೋಣೆಯ ನಾತ ಈ ಕೋಣೆಗಿಂತ ವಾಸಿ ಎನಿಸಿತು. ಅದು ಕನಿಷ್ಠ ಮನುಷ್ಯರ ಬಾಯಿಯದು.

“ಥೂ ನಿಮ್ಮ” ಎಂದಳು. ಹೊರಗೆ ಬಂದು ಕೊರಳಿನ ಗುರುತಿನ ಚೀಟಿಯನ್ನು ಮೊದಲ ತೊಟ್ಟಿಯೊಳಗೆ ಹಾಕಿ, ನೇರ ಹಿಂದಿನ ಶೆಡ್ಡಿಗೆ ನಡೆದಳು.

ಅಲ್ಲಿ ಮೂಲೆ ಕತ್ತರಿಸಿದ ಪುಸ್ತಕಗಳು ಗೊಬ್ಬರದ ಗುಂಡಿಯಂತೆ ರಾಶಿ ಬಿದ್ದಿದ್ದವು. ಅರೆಯುವ ಯಂತ್ರದ ಬಾಯಿಂದ ಬೂದು ಬಣ್ಣದ ಲೋಳೆ ಇಳಿಯುತ್ತಿತ್ತು. ಇಂದುಮತಿ ಮೊಣಕಾಲೂರಿ ಎರಡೂ ಕೈಯಿಂದ ಕೆದಕಿದಳು. ಜಿರಲೆ ಹರಿದವು, ಮೊಣಕೈಯವರೆಗೆ ಅಂಟು ಬಳಿಯಿತು. ರಕ್ತ ತೊಟ್ಟಿಕ್ಕುವ ಚಾಕು ರಾಶಿಯ ಮಗ್ಗುಲಲ್ಲಿ ಕಂಡಾಗ ಅವಳ ಬಾಯಿಂದ “ಸಿಕ್ತರಿ!” ಎಂಬ ಮಾತು ಹೊರಟಿತು, ಯಾರಿಗೆ ಹೇಳಿದಳೋ.

ಮಧ್ಯಾಹ್ನದ ಬಿಸಿಲು ಪಡಸಾಲೆಗೆ ಬಂದಿತ್ತು. ಅಂಬಕ್ಕ ಮೂಲೆಯಿಲ್ಲದ ಪುಸ್ತಕವನ್ನು ಮುಟ್ಟಿ ನೋಡಿ, “ಕಿವಿ ಕೊಯ್ದಂಗ ಕೊಯ್ದಾರ” ಎಂದಳು. ಪುಟದ ಅಂಕಿಗಳೂ ಮೂಲೆಯ ಜೊತೆ ಹೋಗಿದ್ದವು. ಆದರೆ ತಾನು ನಿಲ್ಲಿಸಿದ ಸಾಲು ಅವಳಿಗೆ ಬಾಯಿಪಾಠ ಇತ್ತು, ಬೆರಳಿಟ್ಟು ತೋರಿಸಿದಳು.

“ನೀ ಓದು. ನನ್ನ ಕೈಲೆ ಆಗೂದಿಲ್ಲ.”

ಇಂದುಮತಿ ಗಟ್ಟಿಯಾಗಿ ಓದತೊಡಗಿದಳು. ಮೊದಲ ಪುಟ ಮುಗಿದಾಗ ಮುಂದಿನ ಹಾಳೆ ಅಂಟಿಕೊಂಡಿತ್ತು, ಹಿಡಿಯಲು ಮೂಲೆಯಿಲ್ಲ, ಬೆರಳು ಜಾರಿತು. ಅವಳು ತನ್ನ ಬೆರಳನ್ನು ನೋಡಿದಳು. ಆ ತೊಟ್ಟಿಗಳನ್ನು ಮೂಸಿದವಳು, ಈ ಜನ್ಮದಲ್ಲಿ ಬೆರಳು ನೆಕ್ಕಲಾರೆ ಎಂದುಕೊಂಡವಳು, ಕಣ್ಣು ಮುಚ್ಚಿ ಬೆರಳನ್ನು ನಾಲಿಗೆಗೆ ತಾಗಿಸಿದಳು.

“ಸರಸ್ವತಿಗೆ ಎಂಜಲ...” ಎಂದು ಅಂಬಕ್ಕನ ಬಾಯಿಂದ ಅಭ್ಯಾಸಬಲದಿಂದ ಬಂದುಬಿಟ್ಟಿತು. ಅರ್ಧಕ್ಕೆ ನಿಲ್ಲಿಸಿದಳು. “ಹಚ್ಚವಾ, ಹಚ್ಚು. ಹಚ್ಚಿ ಓದು.”

ಓದು ಸಾಗಿತು. ಪುಸ್ತಕ ಯಾರ ಕಣ್ಣನ್ನೂ ನೋಡಲಿಲ್ಲ. ಬೇಸರದ ಕಡೆ ಬೇಸರ ಮಾಡಿಸಿತು, ಪತ್ತೇದಾರ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದ. ಕೊನೆಯಿಂದ ಎರಡನೆಯ ಪುಟದಲ್ಲಿ ಕೊಂದವನ ಹೆಸರು ಬಂತು. ಅಡುಗೆಯವಳಲ್ಲ, ಡಾಕ್ಟರೂ ಅಲ್ಲ. ಇಡೀ ಕಥೆಯಲ್ಲಿ ಎರಡೇ ಸಲ ಬಂದು ಹೋಗಿದ್ದ ಒಬ್ಬ ಗಡಿಯಾರ ರಿಪೇರಿಯವನು.

ಅಂಬಕ್ಕ ಸೊಸೆಯ ಮುಖ ನೋಡಿದಳು. “ಗಡಿಯಾರದಾವಾ?”

“ಹೌದರಿ. ಇಲ್ಲೇ ಅದ.”

“ಇನ್ನೊಂದ ಸಲ ನೋಡಿದ್ರ?”

“ಎಷ್ಟ ಸಲ ನೋಡಿದ್ರೂ ಅವನರಿ.”

“ಅಂದ್ರ ಸೋತ” ಎಂದಳು ಅಂಬಕ್ಕ. “ನನ್ನ ಮಗ ಸೋತ!” ಅವಳಿಗೆ ನಗು ಬಂತು. ಮಗ ಹೋದ ಮೇಲೆ ಆ ಮನೆಯಲ್ಲಿ ಕೇಳದಿದ್ದ ನಗು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು. “ಯಾವಾಗಲೂ ಹಂಗ ಅವ. ಎಲ್ಲಾ ಗೊತ್ತದ ಅಂತಿದ್ದ, ಒಂದ ಸಲಾನೂ ಸರಿ ಹೇಳತಿದ್ದಿಲ್ಲ. ಇವ ಖರೇ ನನ್ನ ರಘು.”

ಕಣ್ಣೊರೆಸಿಕೊಂಡು ಎದ್ದಳು. ಕಿಟಕಿಯ ಹತ್ತಿರ ಬಿದ್ದಿದ್ದ ಸವಿಯೋದು ಹಾಳೆಯನ್ನೂ ಪಟ್ಟಿಯನ್ನೂ ಎರಡು ಬೆರಳಿನ ತುದಿಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಉಂಡ ತಾಟುಗಳ ಮುಸುರಿ ಬುಟ್ಟಿಯೊಳಗೆ ಹಾಕಿದಳು. ಸಾರಿನ ನೀರಿನಲ್ಲಿ ಅದರ ಬೆಳಕು ಸ್ವಲ್ಪ ಹೊತ್ತು ಯಾರದಾದರೂ ಕಣ್ಣು ಸಿಗುತ್ತದೇನೋ ಎಂದು ಹುಡುಕಿ ಆರಿಹೋಯಿತು. ಅಂಬಕ್ಕ ಕೈ ತೊಳೆದುಕೊಂಡು ಬಂದು ಮೊದಲಿನ ಜಾಗದಲ್ಲೇ ಕೂತಳು.

“ಆ ಕೊನೀ ಪುಟ ಇನ್ನೊಮ್ಮೆ ಓದು ಇಂದೂ” ಎಂದಳು. “ಜೋರಾಗಿ ಓದು. ಅವಗ ಕೇಳಬೇಕು.”